ಬಾಗಿಯ ಅಮ್ಮ ಯಾರು?

"ಮರಗಮ್ಮನ ಅಮ್ಮ?" ಎಂದು ಕೇಳಿ ಪ್ರೇಕ್ಷಾ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದಳು. ಬಲಗಿವಿ ಆಗಲೇ ಬಿಸಿಯಾಗಿತ್ತು.

ಆ ಕಡೆಯಿಂದ ಮೊದಲು ಬರೀ ಗರಗರ ಸದ್ದು ಬಂತು. ಆಮೇಲೆ ಅಮ್ಮನ ಧ್ವನಿ.

"ಅವಳ ಅಮ್ಮ ಬಾಗಿ."

"ಬಾಗಿ ಅಂದ್ರೆ?"

"ಬಾಗಿ ಅಂದ್ರೆ ಬಾಗಿ. ಅದು ಹೆಸರು ಮಾರಾಯ್ತಿ. ಆಗಿನ ಕಾಲದ್ದು."

"ಅವಳು ಎಂತ ಮಾಡ್ತಿದ್ಳು? ಒಂದು ವಿಷಯ ಹೇಳು. ಒಂದೇ ಸಾಕು."

ಅಮ್ಮ ಯೋಚಿಸಿದಳು. ಅಮ್ಮ ಯೋಚಿಸುವಾಗ ಫೋನಿನಲ್ಲಿ ಅವಳ ಉಸಿರು ಕೇಳಿಸುತ್ತದೆ. ಪ್ರೇಕ್ಷಾಗೆ ಅದು ತುಂಬಾ ಇಷ್ಟ. ಮಾತಾಡುವ ಅಮ್ಮ ಮಸ್ಕತ್ತಿನಲ್ಲಿ ಇರುತ್ತಾಳೆ. ಉಸಿರಾಡುವ ಅಮ್ಮ ಇಲ್ಲೇ ಮಗ್ಗುಲಲ್ಲಿ ಕೂತಿರುತ್ತಾಳೆ.

"ಅವಳು ಗಂಜಿಯನ್ನು ನಿಂತುಕೊಂಡೇ ಉಣ್ತಿದ್ಳಂತೆ," ಎಂದಳು ಅಮ್ಮ. "ನನ್ನಮ್ಮ ಹೇಳ್ತಿದ್ರು. ಒಂದು ಕೈಯಲ್ಲಿ ಬಟ್ಟಲು, ಗೋಡೆಗೆ ಬೆನ್ನು."

"ಯಾಕೆ?"

"ಯಾಕೆ ಅಂತ ನಾನೂ ಕೇಳ್ಲಿಲ್ಲ ನೋಡು. ಕೇಳ್ಬೇಕಿತ್ತು."

ಬಾಗಿಯ ಅಮ್ಮ ಯಾರು ಎಂದು ಪ್ರೇಕ್ಷಾ ಕೇಳಿದಳು, ಅಷ್ಟರಲ್ಲಿ ಅಮ್ಮನ ಫೋನ್ ಕಾರ್ಡ್ ಮುಗಿಯಿತು. ಮುಗಿಯುವ ಮುಂಚೆ ಅಮ್ಮ ಅರ್ಧ ವಾಕ್ಯ ಹೇಳಿದ್ದಳು. ಅದು ತನಗೆ ಗೊತ್ತಿಲ್ಲ, ಡೊಂಬಿವಲಿಯ ಮುಂಡಪ್ಪ ಮಾವನನ್ನು ಕೇಳಬೇಕು, ಅವರೊಬ್ಬರಿಗೆ ನೆನಪಿದ್ದರೆ...

ಪ್ರೇಕ್ಷಾ ಫೋನನ್ನು ಪುಷ್ಪಾವತಿ ಅತ್ತೆಗೆ ವಾಪಸು ಕೊಟ್ಟಳು. ಅತ್ತೆ ಅದನ್ನು ಸೆರಗಿನಿಂದ ಒರೆಸಿದಳು. "ಅಮ್ಮ ಮಗಳು ಸೇರಿ ಸತ್ತವರನ್ನೆಲ್ಲ ಎಬ್ಬಿಸ್ತೀರಿ," ಎಂದಳು. ಆದರೂ ಅವಳೇ ಅಡುಗೆಮನೆಯಿಂದ ಬಿಸ್ಕತ್ತಿನ ಖಾಲಿ ಡಬ್ಬಿ ತಂದು, ಅದರ ರಟ್ಟಿನಿಂದ ಅಂಗೈಯಷ್ಟು ಅಗಲದ ಒಂದು ಕಾರ್ಡ್ ಕತ್ತರಿಸಿ ಕೊಟ್ಟಳು.

ಪ್ರೇಕ್ಷಾ ಅದರ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದಳು: ಬಾಗಿ. ಗಂಜಿಯನ್ನು ನಿಂತು ಉಣ್ಣುತ್ತಿದ್ದಳು.

ಮರುದಿನ ಶನಿವಾರ. ಶನಿವಾರದ ಕೊನೆಯ ಎರಡು ಪೀರಿಯಡ್ ಸೋನಾಲಿ ಮಿಸ್‌ದು, ಹಿಸ್ಟರಿ.

ಸೋನಾಲಿ ಮಿಸ್ ಕಲ್ಯಾಣದಿಂದ ಎರಡು ರೈಲು ಬದಲಿಸಿ ಮುಂಬಯಿ ಪಕ್ಕದ ಕೋಪರಖೈರಣೆಯ ಈ ಶಾಲೆಗೆ ಬರುತ್ತಿದ್ದರು. ಐದನೇ ಕ್ಲಾಸಿಗೆ ಬಂದ ಮೊದಲ ವಾರವೇ ಅವರು ಕಿಟಕಿಯ ಮೇಲಿನ ಸರಳಿಗೆ ಸಾಲಾಗಿ ದಾರಗಳನ್ನು ಕಟ್ಟಿ ಇಳಿಬಿಟ್ಟಿದ್ದರು. ಒಬ್ಬೊಬ್ಬರಿಗೆ ಒಂದೊಂದು ದಾರ. ದಾರದ ಕೆಳತುದಿಯಲ್ಲಿ ನಿಮ್ಮ ಹೆಸರಿನ ಕಾರ್ಡ್ ಕಟ್ಟಿ ಎಂದರು. ಅದರ ಮೇಲೆ ನಿಮಗಿಂತ ಹಿಂದಿನವರು, ಅದರ ಮೇಲೆ ಅವರಿಗಿಂತ ಹಿಂದಿನವರು. ಮನೆಯಲ್ಲಿ ಯಾರಾದರೂ ಒಬ್ಬರಿಗೆ ನೆನಪಿರುವ ತನಕ ಹತ್ತಿಕೊಂಡು ಹೋಗಿ. ಹುಟ್ಟಿದ ತಾರೀಕು ಬೇಡ. ಅವರು ಮಾಡುತ್ತಿದ್ದ ಒಂದು ಕೆಲಸವೋ, ಒಂದು ಅಭ್ಯಾಸವೋ ಬರೆದರೆ ಸಾಕು.

ವಿಕಾಸ್ ಮ್ಹಾತ್ರೆಯ ದಾರದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಇದ್ದರು. ಅಜ್ಜ ಈಗಿನ ಸ್ಕೂಲ್ ಗ್ರೌಂಡ್ ಇರುವಲ್ಲಿ ಭತ್ತ ಬೆಳೆಯುತ್ತಿದ್ದರು. ಮುತ್ತಜ್ಜ ಖಾಡಿಯ ಹಿನ್ನೀರಿನಲ್ಲಿ ಮೀನು ಹಿಡಿಯಲು ಹೋದಾಗ ದೋಣಿಯಲ್ಲೇ ನಿದ್ದೆ ಹೊಡೆದು, ಏಳುವಷ್ಟರಲ್ಲಿ ಠಾಣೆ ಮುಟ್ಟಿದ್ದರು.

ಪ್ರೇಕ್ಷಾಳ ದಾರದಲ್ಲಿ ಎಲ್ಲರೂ ಹೆಂಗಸರೇ. ಕೆಳಗೆ ಅವಳು. ಮೇಲೆ ಅಮ್ಮ ಲೋಲಾಕ್ಷಿ, ನರ್ಸ್, ಸೂಜಿ ಚುಚ್ಚುವ ಮೊದಲು ಎಲ್ಲರ ಹತ್ತಿರವೂ ಸಾರಿ ಕೇಳುವವಳು. ಅವಳ ಮೇಲೆ ಸುಂದರಿ. ಸುಂದರಿ ಅಜ್ಜಿ ಮುಂಬಯಿಗೆ ಬಂದ ಒಂದೇ ಒಂದು ಸಲ ಬಸ್ಸಿನಲ್ಲಿ ಜೀವಂತ ಕೋಳಿ ತಂದಿದ್ದಳು, ದಾರಿಯುದ್ದಕ್ಕೂ ಅದನ್ನು ಶಾಲಿನಲ್ಲಿ ಸುತ್ತಿ ಮಗುವಿನ ಹಾಗೆ ತಟ್ಟುತ್ತಾ. ಅವಳ ಮೇಲೆ ಮರಗಮ್ಮ. ತಮ್ಮನ ಮೇಲೆ ಸಿಟ್ಟು ಮಾಡಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟಿದ್ದಳು, ಆದರೆ ಅವನಿಗೆ ಸಾರು ಕಳಿಸುವುದನ್ನು ಬಿಟ್ಟಿರಲಿಲ್ಲ. ಈಗ ಅವಳ ಮೇಲೆ ಬಾಗಿ.

"ತೇರಾ ಪಪ್ಪಾ ಕಹಾಂ ಹೈ?" ಎಂದು ವಿಕಾಸ್ ದಾರವನ್ನು ಮೇಲಿಂದ ಕೆಳಗೆ ನೋಡಿ ಕೇಳಿದ. "ಪಪ್ಪನಿಗೆ ಜಾಗ ಇಲ್ವಾ? ನಿನ್ನ ಪಪ್ಪ ಕೋಟ್ಯಾನ್, ನೀನು ಸಾಲಿಯಾನ್. ಆಸ್ಪತ್ರೆಯಲ್ಲಿ ಅದಲುಬದಲು ಆಗಿರ್ಬೇಕು."

ಇದನ್ನು ವಿವರಿಸಿ ಪ್ರೇಕ್ಷಾಗೆ ಸಾಕಾಗಿ ಹೋಗಿತ್ತು. ಅವಳ ಮನೆಯವರು ಉಡುಪಿಯ ಕಡೆಯವರು. ಅವರಲ್ಲಿ ಪ್ರತಿಯೊಬ್ಬರಿಗೂ ಒಂದು ಬಳಿ ಇರುತ್ತದೆ. ಬಳಿ ಎಂದರೆ ಕುಲದ ಹೆಸರು. ಅದು ಮಕ್ಕಳಿಗೆ ಅಮ್ಮನಿಂದ ಬರುತ್ತದೆ. ಅಮ್ಮ ಸಾಲಿಯಾನ್, ಹಾಗಾಗಿ ಪ್ರೇಕ್ಷಾ ಸಾಲಿಯಾನ್. ಎಷ್ಟೋ ಮನೆಗಳಲ್ಲಿ ಈಗ ಶಾಲೆಗೆ ಸೇರಿಸುವಾಗ ಅಪ್ಪನ ಹೆಸರನ್ನೇ ಕೊಟ್ಟುಬಿಡುತ್ತಾರೆ. ಪಪ್ಪ ಮಾತ್ರ ಹಳೆಯ ಕ್ರಮವನ್ನೇ ಬರೆಸಿದ್ದರು. ಪಪ್ಪ ಕೋಟ್ಯಾನ್, ಅವರ ತಂಗಿ ಪುಷ್ಪಾವತಿ ಅತ್ತೆಯೂ ಕೋಟ್ಯಾನ್. ಹೀಗೆ ಅವರ ಪುಟ್ಟ ಮನೆಯಲ್ಲಿ ಸಾಲಿಯಾನ್ ಎಂದರೆ ಪ್ರೇಕ್ಷಾ ಒಬ್ಬಳೇ. ಇನ್ನೊಬ್ಬ ಸಾಲಿಯಾನ್ ಸಮುದ್ರದ ಆಚೆ ಇದ್ದಳು.

ದಾರ ಶುರುವಾಗುವ ಮೊದಲು ಶುಕ್ರವಾರದ ಫೋನು ಹೀಗಿರುತ್ತಿತ್ತು: ಊಟ ಆಯ್ತಾ? ಆಯ್ತು. ಎಂತ ಸಾರು? ಬಂಗುಡೆ. ಹೋಮ್‌ವರ್ಕ್? ಆಯ್ತು. ಅತ್ತೆಗೆ ಕೊಡು.

ಅಮ್ಮನಿಗೆ ಇನ್ನೇನು ಕೇಳಬೇಕು ಎಂದು ಗೊತ್ತಿರಲಿಲ್ಲ. ಪ್ರೇಕ್ಷಾಗೆ ಇನ್ನೇನು ಹೇಳಬೇಕು ಎಂದು ಗೊತ್ತಿರಲಿಲ್ಲ. ಒಮ್ಮೊಮ್ಮೆ ಫೋನಿಟ್ಟ ಮೇಲೆ ಅಮ್ಮನ ಮುಖ ಸರಿಯಾಗಿ ನೆನಪಾಗದೆ ಅವಳು ಕಪಾಟಿನ ಫೋಟೋ ನೋಡಿ ಬರುತ್ತಿದ್ದಳು.

ಈಗ ಹಾಗಲ್ಲ. ಈಗ ಅಮ್ಮ ನಗುತ್ತಿದ್ದಳು. ಕೋಳಿಯ ಕತೆ ಹೇಳುವಾಗ ಅವಳಿಗೆ ಉಸಿರೇ ಸಿಕ್ಕಿರಲಿಲ್ಲ. ಅಮ್ಮನ ಬಾಲ್ಯದಲ್ಲಿ ಒಂದು ಬಾವಿ ಇತ್ತು ಎಂದು, ಅಮ್ಮನಿಗೆ ಗಣಿತ ಬರುತ್ತಿರಲಿಲ್ಲ ಎಂದು ಪ್ರೇಕ್ಷಾಗೆ ತಿಳಿದದ್ದೇ ಈ ದಾರದಿಂದ.

ಬುಧವಾರ ಶಾಲೆಯಲ್ಲಿ ಟ್ಯಾಲೆಂಟ್ ಟೆಸ್ಟ್ ನಡೆಯಿತು.

ಅದು ಹೊರಗಿನ ಕಂಪನಿಯೊಂದರ ಪರೀಕ್ಷೆ. ಊರೂರಿನ ಮಕ್ಕಳೆಲ್ಲ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಬೇಕು. ಬರೆಯುವುದೂ ಇಲ್ಲ, ಪೆನ್ಸಿಲಿನಿಂದ ಗೋಲ ತುಂಬಬೇಕು. ಎ, ಬಿ, ಸಿ, ಡಿ. ಹೆಚ್ಚು ಮಾರ್ಕ್ಸ್ ಬಂದವರನ್ನು ಶಾಲೆ ಗೋಲ್ಡ್ ಬ್ಯಾಚಿಗೆ ಹಾಕುತ್ತದೆ, ಮುಂದಿನ ಹಂತಕ್ಕೆ ಕೋಚಿಂಗ್ ಕೊಡುತ್ತದೆ ಎಂದು ಪ್ರಿನ್ಸಿಪಾಲ್ ಮೇಡಂ ಅಸೆಂಬ್ಲಿಯಲ್ಲಿ ಹೇಳಿದ್ದರು. ಅಮ್ಮ ತನ್ನ ವಾರ್ಡಿನ ನರ್ಸುಗಳಿಗೆಲ್ಲ ಮಗಳು ಗೋಲ್ಡ್‌ಗೆ ಬರುತ್ತಾಳೆ ಎಂದು ಆಗಲೇ ಹೇಳಿ ಮುಗಿಸಿದ್ದಳು.

ಪ್ರೇಕ್ಷಾಗೆ ಗಣಿತ ಸುಲಭವಾಯಿತು. ಅಮ್ಮನ ಹಾಗಲ್ಲ ಅವಳು. ಇಂಗ್ಲಿಷಿನಲ್ಲಿ ಒಂದು ಕಡೆ ತಡವರಿಸಿ, ಆಮೇಲೆ ನೆನಪಾಗಿ ತುಂಬಿದಳು. ಕೊನೆಯಲ್ಲಿ ಹಿಸ್ಟರಿ ಮತ್ತು ಸಮಾಜ. ಅಲ್ಲೊಂದು ಪ್ರಶ್ನೆ ಇತ್ತು:

ನಿನ್ನ ಕುಲನಾಮ ನಿನಗೆ ಯಾರಿಂದ ಬರುತ್ತದೆ? ಎ. ತಂದೆ. ಬಿ. ತಾಯಿ. ಸಿ. ಟೀಚರ್. ಡಿ. ಊರು.

ಇದಂತೂ ತೀರಾ ಸುಲಭ. ಪ್ರೇಕ್ಷಾ ಬಿ ಗೋಲವನ್ನು ಒತ್ತಿ ಒತ್ತಿ ತುಂಬಿದಳು.

ಪಕ್ಕದ ಸಾಲಿನಲ್ಲಿ ವಿಕಾಸ್ ಕಣ್ಣು ಮುಚ್ಚಿ, ಬೆರಳು ಕುಣಿಸುತ್ತಾ "ಅಕ್ಕಡ್ ಬಕ್ಕಡ್" ಎಣಿಕೆ ಹಾಡು ಹೇಳಿಕೊಳ್ಳುತ್ತಿದ್ದ. ಬೆರಳು ನಿಂತ ಕಡೆ ಗೋಲ ತುಂಬುತ್ತಿದ್ದ.

ಹಾಳೆಗಳನ್ನು ಕಂಪನಿಗೆ ಕಳಿಸುವ ಮೊದಲು ಶಾಲೆಯ ಟೀಚರುಗಳೇ ಉತ್ತರದ ಕೀಲಿ ನೋಡಿ ಮಾರ್ಕ್ಸ್ ಹಾಕಿದರು. ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ಗೋಲ್ಡ್ ಬ್ಯಾಚಿನ ಹೆಸರುಗಳು ಬಂದವು. ವಿಕಾಸ್ ಇದ್ದ. ಪ್ರೇಕ್ಷಾ ಇರಲಿಲ್ಲ. ಅವಳಿಗೆ ಒಂದೇ ಒಂದು ಮಾರ್ಕ್ ಕಡಿಮೆ ಬಿದ್ದಿತ್ತು.

ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಗೋಲ್ಡ್ ಬ್ಯಾಚಿನ ಕೋಚಿಂಗ್ ಪ್ರತಿ ಶನಿವಾರ, ಕೊನೆಯ ಎರಡು ಪೀರಿಯಡ್. ಉಳಿದ ಮಕ್ಕಳಿಗೆ ಎಂದಿನಂತೆ ಹಿಸ್ಟರಿ.

ವಿಕಾಸ್ ಅದನ್ನು ಎರಡು ಸಲ ಓದಿದ. "ಮತ್ತೆ ನನ್ನ ದಾರ?" ಎಂದ. ಅವನ ಮುತ್ತಜ್ಜನ ಅಪ್ಪನ ಬಗ್ಗೆ ಹೇಳಲು ಊರಿನ ಮುದುಕರೊಬ್ಬರು ಭಾನುವಾರ ಬರಹೇಳಿದ್ದರಂತೆ. "ಕಣ್ಣು ಮುಚ್ಚಿ ತುಕ್ಕಾ ಹೊಡೆದವನಿಗೇ ಗೋಲ್ಡ್ ಬರ್ಬೇಕಾ," ಎನ್ನುತ್ತಾ ಬ್ಯಾಗನ್ನು ನೆಲದ ಮೇಲೆ ಎಳೆದುಕೊಂಡು ಹೋದ.

ಸಂಜೆ ಅಮ್ಮನ ಫೋನು ಬಂತು. ಅಮ್ಮ ಮೊದಲು ಕೇಳಿದ್ದೇ ಅದನ್ನು.

"ಗೋಲ್ಡ್ ಬಂತಾ?"

"ಒಂದು ಮಾರ್ಕ್ ಕಮ್ಮಿ."

ಆ ಕಡೆ ಉಸಿರೂ ಕೇಳಿಸಲಿಲ್ಲ. ಆಮೇಲೆ ಅಮ್ಮ ಪರವಾಗಿಲ್ಲ ಎಂದಳು. ಯಾವುದು ತಪ್ಪಾಯಿತು ಎಂದು ಕೇಳಿದಳು. ಗಣಿತವಾ? ಇಂಗ್ಲಿಷಾ? ಸರಿಯಾಗಿ ಓದಿದ್ಯಾ? ಪ್ರಶ್ನೆ ಪೂರ್ತಿ ಓದ್ಲಿಲ್ವಾ? ಪ್ರೇಕ್ಷಾ ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಾ ಹೋದಳು. ಊಟ ಆಯ್ತಾ ಎಂದು ಅಮ್ಮ ಕೇಳಿದಳು. ಆಯ್ತು. ಅತ್ತೆಗೆ ಕೊಡು.

ಬಾಗಿಯ ಅಮ್ಮನ ವಿಷಯ ಇಬ್ಬರೂ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಪೇರೆಂಟ್ಸ್ ಮೀಟಿಂಗ್. ಪಪ್ಪ ಪ್ರೇಮನಾಥ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ಮ್ಯಾನೇಜರ್. ಶನಿವಾರ ಅವರಿಗೆ ರಜೆಯಿಲ್ಲ. ಆದರೂ ಆ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಬೆಂಚು ಮಕ್ಕಳದು, ಮೊಣಕಾಲು ಎದೆಗೆ ಬರುತ್ತಿತ್ತು. ಪ್ರೇಕ್ಷಾ ಅವರ ಮಗ್ಗುಲಿಗೆ ಒತ್ತಿ ಕೂತಳು.

ಪ್ರಿನ್ಸಿಪಾಲ್ ಮೇಡಂ ಗೋಲ್ಡ್ ಬ್ಯಾಚಿನ ಬಗ್ಗೆ ಹೇಳಿ ಮುಗಿಸುವುದಕ್ಕೂ ಬಿಡದೆ ಜಗಳ ಶುರುವಾಯಿತು.

ಬ್ಯಾಂಕಿನ ಐಡಿ ಕಾರ್ಡ್ ಕೊರಳಲ್ಲೇ ಇದ್ದ ಒಬ್ಬ ತಾಯಿ ಎದ್ದರು. ಈಗ ಎಂಟನೇ ಕ್ಲಾಸಿನ ತನಕ ಫೇಲ್ ಮಾಡುವಂತಿಲ್ಲ, ಎಲ್ಲರಿಗೂ ಎ ಗ್ರೇಡ್, ಎಲ್ಲರಿಗೂ ಸ್ಮೈಲಿ ಎಂದರು. ಹೊರಗಿನ ಟೆಸ್ಟ್ ಇಲ್ಲದಿದ್ದರೆ ಮಗಳಿಗೆ ನಿಜವಾಗಿ ಏನು ಬರುತ್ತದೆ ಎಂದು ನನಗೆ ಗೊತ್ತಾಗುವುದು ಹೇಗೆ? ಗೋಲ್ಡ್‌ಗೆ ಮಾತ್ರ ಯಾಕೆ, ಶನಿವಾರದ ಹಿಸ್ಟರಿ ತೆಗೆದು ಎಲ್ಲರಿಗೂ ಕೋಚಿಂಗ್ ಕೊಡಿ.

ವಾಶಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಒಬ್ಬರು ಎದ್ದು, ನನ್ನ ಮಗ ಮೊನ್ನೆ ಮೊದಲ ಸಲ ತನ್ನ ಅಜ್ಜಿಯ ಹೆಸರು ಕೇಳಿದ, ನನಗೆ ಕಣ್ಣು ತುಂಬಿ ಬಂತು ಎಂದರು. ಸೋನಾಲಿ ಮಿಸ್ ಮುಖ ಅರಳಿತು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಪರೀಕ್ಷೆ ಎಲ್ಲ ಮುಗಿದ ಮೇಲೆ ಮೇ ತಿಂಗಳಲ್ಲಿ ಇದನ್ನು ಇಟ್ಟುಕೊಂಡರೆ ಒಳ್ಳೆಯದಲ್ಲವೇ ಎಂದು ಕೇಳಿದರು. ಮೇ ತಿಂಗಳಲ್ಲಿ ಶಾಲೆಗೆ ರಜೆ ಎಂದು ಯಾರೋ ನೆನಪಿಸಿದರು. ನಾಲ್ಕಾರು ಜನ ನಕ್ಕರು.

ಆಮೇಲೆ ವಿಕಾಸನ ಅಪ್ಪ ಮ್ಹಾತ್ರೆ ಎದ್ದರು. ದೊಡ್ಡ ಆಳು, ದೊಡ್ಡ ಗಂಟಲು. ಅವರು ಎದ್ದ ಕೂಡಲೇ ಸಭೆ ತಾನಾಗಿ ಸುಮ್ಮನಾಯಿತು.

"ಮಿಸ್, ಈ ಶಾಲೆ ನಿಂತ ಜಾಗ ನನ್ನ ಅಪ್ಪನ ಗದ್ದೆ. ಅದು ನನಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನು ಹೇಳಿದರೆ ಯಾವ ಕಾಲೇಜು ನನ್ನ ಮಗನಿಗೆ ಸೀಟು ಕೊಡುತ್ತದೆ? ಗದ್ದೆ ಹೋಯಿತು. ಮಗ ಅದನ್ನೇ ನೋಡುತ್ತಾ ಕೂರುವುದು ನನಗೆ ಬೇಡ."

ಅವರು ಗ್ರೌಂಡಿನ ಕಡೆ ನೋಡದೆ ಕೂತರು. ವಿಕಾಸ್ ಬಾಗಿಲಿನ ಸಂದಿಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಸೋನಾಲಿ ಮಿಸ್ ತಮ್ಮ ಸರದಿ ಬಂದಾಗ ನಿಂತರು. ಟೆಸ್ಟ್ ಬೇಡವೆಂದು ತಾನು ಹೇಳುತ್ತಿಲ್ಲ ಎಂದರು. ಪುಸ್ತಕದ ಕೋಟೆಗಳನ್ನೂ ರಾಜರನ್ನೂ ತಾನು ವಾರದ ಉಳಿದ ದಿನ ಪೂರ್ತಿ ಕಲಿಸುತ್ತೇನೆ ಎಂದರು. ಶನಿವಾರದ ಆ ಎರಡು ಪೀರಿಯಡ್ ಮಾತ್ರ ಬಿಡಿ ಎಂದು ಕೇಳಿದರು.

"ದಾರದಿಂದ ಟೆಸ್ಟಿನಲ್ಲಿ ಎಷ್ಟು ಪ್ರಶ್ನೆ ಬಂತು?" ಎಂದು ಬ್ಯಾಂಕಿನ ತಾಯಿ ಕೇಳಿದರು. ಕುಹಕ ಇರಲಿಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಒಂದು ಬಂತು," ಎಂದರು ಮಿಸ್. "ದಾರ ಕಟ್ಟಿ ಕಲಿತದ್ದನ್ನು ಅದಕ್ಕೆ ಉತ್ತರವಾಗಿ ಕೊಟ್ಟ ಹುಡುಗಿಗೆ ತಪ್ಪು ಬಿತ್ತು. ಒಂದು ಮಾರ್ಕ್ ಹೋಯಿತು."

ಪ್ರಿನ್ಸಿಪಾಲ್ ಮೇಡಂ ಯಾವ ಪ್ರಶ್ನೆ ಎಂದರು. ಮಿಸ್ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು. ಉತ್ತರದ ಕೀಲಿಯಲ್ಲಿ ಎ ಎಂದಿದೆ, ಪ್ರೇಕ್ಷಾ ಬಿ ತುಂಬಿದ್ದಾಳೆ ಎಂದರು.

ಮಗ್ಗುಲಲ್ಲಿ ಪಪ್ಪ ಮೊಣಕಾಲು ಬಿಡಿಸಿಕೊಂಡು ಎದ್ದದ್ದು ಪ್ರೇಕ್ಷಾಗೆ ಗೊತ್ತಾಗುವಷ್ಟರಲ್ಲಿ ಎಲ್ಲರೂ ಹಿಂದೆ ತಿರುಗಿಯಾಗಿತ್ತು. ಪಪ್ಪ ಕ್ಯಾಂಟೀನಿನಲ್ಲಿ ಎಷ್ಟು ಜನರಿಗೆ ಬೇಕಾದರೂ ಊಟ ಬಡಿಸಬಲ್ಲರು, ನಾಲ್ಕು ಜನರ ಮುಂದೆ ಮಾತಾಡಲು ಆಗುವುದಿಲ್ಲ ಅವರಿಗೆ. ಆದರೂ ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಹೇಳಿದರು. ನಮ್ಮಲ್ಲಿ ಬಿ ಸರಿ. ನಮ್ಮಲ್ಲಿ ಮಕ್ಕಳಿಗೆ ತಾಯಿಯ ಬಳಿ.

"ಹಾಗಾದರೆ ನಿಮ್ಮ ಹೆಸರು ಎಲ್ಲಿ ಹೋಯಿತು ಶೇಟ್?" ಎಂದು ಮ್ಹಾತ್ರೆ ಕೇಳಿದರು.

"ನಡುವೆ ಇದೆಯಲ್ಲ ಸಾಹೇಬ್. ಪ್ರೇಕ್ಷಾ ಪ್ರೇಮನಾಥ ಸಾಲಿಯಾನ್. ಸ್ಯಾಂಡ್‌ವಿಚ್ಚಿನ ಚಟ್ನಿಯ ಹಾಗೆ."

ಸಭೆಯೆಲ್ಲ ನಕ್ಕಿತು. ಮ್ಹಾತ್ರೆಯೂ ನಕ್ಕರು. ಪಪ್ಪ ಕಿವಿಯ ತನಕ ಕೆಂಪಾಗಿ ಕೂತರು. ಪ್ರೇಕ್ಷಾ ಅವರ ಶರ್ಟಿನ ತುದಿ ಹಿಡಿದುಕೊಂಡಳು. ಅವಳಿಗೆ ಹೆಮ್ಮೆ ಅನ್ನಿಸಿತು. ಅದರ ಜೊತೆಗೇ, ಪಪ್ಪ ಏಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಹಾಗೆ ಯಾಕೆ ಅನ್ನಿಸಿತು ಎಂದು ಮೀಟಿಂಗ್ ಮುಗಿದ ಮೇಲೆ ತಿಳಿಯಿತು. ಶನಿವಾರದ ಹಿಸ್ಟರಿ ಈ ವರ್ಷದ ಮಟ್ಟಿಗೆ ಉಳಿಯಿತು, ಗೋಲ್ಡ್ ಬ್ಯಾಚಿನವರನ್ನು ಬಿಟ್ಟು. ಎಲ್ಲರೂ ಹೊರಟ ಮೇಲೆ ಪ್ರಿನ್ಸಿಪಾಲ್ ಮೇಡಂ ಪಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದರು. ತಪ್ಪು ಮಗುವಿನದಲ್ಲ ಎಂದು ನನಗೂ ಅನ್ನಿಸುತ್ತಿದೆ. ಕೀಲಿ ಬದಲಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಹಾಳೆಗಳು ಇನ್ನೂ ನನ್ನ ಆಫೀಸಿನಲ್ಲಿವೆ, ಸೋಮವಾರ ಕೊರಿಯರ್ ಹೋಗುತ್ತದೆ. ಬೆಳಿಗ್ಗೆ ಬೇಗ ಕರೆದುಕೊಂಡು ಬನ್ನಿ. ಅವಳೇ ಬಿ ಅಳಿಸಿ ಎ ತುಂಬಲಿ. ಗೋಲ್ಡ್ ಬ್ಯಾಚಿಗೆ ಸೇರಿಸಿಕೊಳ್ಳುತ್ತೇನೆ.

ಪಪ್ಪ ಮೇಡಂಗೆ ಎರಡೂ ಕೈ ಮುಗಿದರು. ದಾರಿಯುದ್ದಕ್ಕೂ ಅವರು ಸಣ್ಣಗೆ ಏನೋ ಗುನುಗುತ್ತಿದ್ದರು. ಮಾಡಿನ ಮೇಲಿನ ನೀರಿನ ಟ್ಯಾಂಕು, ಸ್ಟೇಷನ್ನಿನ ಕಡೆ ಓಡುವ ರಿಕ್ಷಾಗಳು, ಎಲ್ಲವೂ ಅವರಿಗೆ ಹೊಸದಾಗಿ ಕಂಡಂತಿತ್ತು. ಪ್ರೇಕ್ಷಾ ಅವರ ಜೊತೆ ಹೆಜ್ಜೆ ಹಾಕಲು ಹೋಗಿ ಮತ್ತೆ ಮತ್ತೆ ಹಿಂದೆ ಬಿದ್ದಳು.

"ಪಪ್ಪ, ಗೋಲ್ಡ್‌ಗೆ ಹೋದ್ರೆ ಶನಿವಾರ ದಾರ ಇಲ್ಲ."

"ದಾರ ಮನೆಯಲ್ಲೂ ಕಟ್ಬಹುದು ಮಗಾ."

ಕಟ್ಟಬಹುದು. ಆದರೆ ವಿಕಾಸನ ದಾರ, ಈರುಳ್ಳಿ ವ್ಯಾಪಾರಿಯ ಮಗನ ದಾರ ಪಕ್ಕದಲ್ಲಿ ತೂಗದಿದ್ದರೆ, ಪ್ರತಿ ಶನಿವಾರ ಮಿಸ್ ಈ ವಾರ ಯಾರು ಬಂದರು ಎಂದು ಕೇಳದಿದ್ದರೆ, ಶುಕ್ರವಾರದ ಫೋನಿಗೆ ಅಷ್ಟು ಅವಸರ ಎಲ್ಲಿಂದ ಬರುತ್ತದೆ? ಅದನ್ನು ಪಪ್ಪನಿಗೆ ಹೇಳಲು ಅವಳಿಗೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಫೋನು ಹೊಡೆದುಕೊಂಡಾಗ ಅತ್ತೆ ಗಾಬರಿಯಾದಳು. ಅಮ್ಮ ಭಾನುವಾರ ಮಾಡುವುದೇ ಇಲ್ಲ. ಪಪ್ಪ ಮೆಸೇಜ್ ಕಳಿಸಿದ್ದರು. ಅದನ್ನು ಓದಿ ಅಮ್ಮ ಡ್ಯೂಟಿಯ ನಡುವೆ ಯಾರದೋ ಫೋನಿನಿಂದ ಕರೆ ಮಾಡಿದ್ದಳು. ಹಿಂದುಗಡೆ ಟ್ರಾಲಿಗಳ ಸದ್ದು ಕೇಳುತ್ತಿತ್ತು.

"ನಾಳೆ ಹೋಗಿ ಎ ಹಾಕಿ ಬಾ ಮಗಾ," ಎಂದಳು ಅಮ್ಮ.

"ಎ ಅಂದ್ರೆ ತಂದೆ."

"ಗೊತ್ತುಂಟು."

"ಆದ್ರೆ ನನಗೆ ಬಂದದ್ದು ನಿನ್ನಿಂದ."

"ಅದು ನಮಗೆ ಗೊತ್ತುಂಟಲ್ಲ, ಸಾಕು. ಆ ಕಾಗದಕ್ಕೆ ಗೊತ್ತಾಗ್ಬೇಕು ಅಂತ ಎಂತ ಉಂಟು? ನಾನು ಅಲ್ಲಿ ಇಲ್ಲದವಳು. ನನ್ನಿಂದಾಗಿ ನಿನಗೆ ಒಂದು ಮಾರ್ಕ್ ಹೋಗುವುದು ಬೇಡ."

ಅಮ್ಮ ಇದನ್ನು ಎಷ್ಟು ಸುಲಭವಾಗಿ ಹೇಳಿದಳೆಂದರೆ, ಪ್ರೇಕ್ಷಾಗೆ ಸಿಟ್ಟೇ ಬಂತು. ಅವಳು ಆಯ್ತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅಮ್ಮ ಇಡುತ್ತೇನೆ ಎಂದಳು. ಇಡಲಿಲ್ಲ.

"ಮತ್ತೆ," ಎಂದಳು. "ಮುಂಡಪ್ಪ ಮಾವನಿಗೆ ಫೋನ್ ಮಾಡಿದ್ದೆ."

"ಯಾವಾಗ?"

"ಮೊನ್ನೆ ರಾತ್ರಿ. ನಿನ್ನ ಹತ್ರ ಬಾಗಿಯ ಅಮ್ಮನ ವಿಷಯ ಮಾತಾಡ್ಲಿಕ್ಕೆ ಮರೆತೆ ಅಂತ ಆಮೇಲೆ ನೆನಪಾಯ್ತು. ನಿದ್ದೆ ಬರ್ಲಿಲ್ಲ."

ಮುಂಡಪ್ಪ ಅಜ್ಜ ಸುಂದರಿ ಅಜ್ಜಿಯ ಅಣ್ಣ. ಬಾಗಿ ಅವರಿಗೆ ಅಜ್ಜಿಯಾಗಬೇಕು. ಅವರೂ ತುಂಬಾ ಹೊತ್ತು ಯೋಚಿಸಿದರಂತೆ. ಬಾಗಿಯ ಅಮ್ಮನ ಹೆಸರು ಅವರಿಗೂ ಬರಲಿಲ್ಲ. ತಮ್ಮ ತಾಯಿ ಮರಗಮ್ಮ ಆ ಹೆಸರನ್ನು ಹೇಳುತ್ತಿದ್ದರು, ತಾವೇ ಕಿವಿಗೊಡಲಿಲ್ಲ ಎಂದು ಫೋನಿನಲ್ಲೇ ಗಳಗಳ ಅತ್ತುಬಿಟ್ಟರಂತೆ. ಆಮೇಲೆ ಒಂದು ವಿಷಯ ನೆನಪಾಯಿತು ಎಂದರಂತೆ.

"ಅವಳು ನಕ್ಕರೆ ಹೊಳೆಯ ಆಚೆ ದಡದ ಮನೆಗಳಿಗೂ ಕೇಳಿಸ್ತಿತ್ತಂತೆ," ಎಂದಳು ಅಮ್ಮ. "ಯಾರೋ ದೋಣಿ ಕಟ್ಟಿ ಬಂದು ಕೇಳ್ತಿದ್ರಂತೆ, ಇವತ್ತು ಎಂತಕ್ಕೆ ನಗ್ತಿ ಅಂತ."

"ಹೆಸರು ಇಲ್ವಾ?"

"ಹೆಸರು ಇಲ್ಲ. ನಗು ಮಾತ್ರ ಉಂಟು. ಬರೀಬಹುದಾ ಹಾಗೆ?"

ಅಮ್ಮ ಅದನ್ನು ಪುಟ್ಟ ಹುಡುಗಿಯ ಹಾಗೆ ಕೇಳಿದಳು. ಮಿಸ್ ಒಪ್ಪುತ್ತಾರೋ ಇಲ್ಲವೋ ಎಂಬ ಭಯ ಅಮ್ಮನಿಗೇ ಇದ್ದಂತಿತ್ತು. ಬರೀಬಹುದು ಎಂದಳು ಪ್ರೇಕ್ಷಾ. ಯಾರೋ ಅಮ್ಮನನ್ನು ಸಿಸ್ಟರ್ ಎಂದು ಕರೆದರು. ಫೋನು ಕಟ್ಟಾಯಿತು.

ಸೋಮವಾರ ಪಪ್ಪ ಕ್ಯಾಂಟೀನಿಗೆ ತಡವಾಗಿ ಬರುತ್ತೇನೆಂದು ಹೇಳಿ ಅವಳನ್ನು ಕರೆದುಕೊಂಡು ಹೋದರು. ಶಾಲೆಯ ಗೇಟು ಆಗ ತಾನೇ ತೆರೆದಿತ್ತು. ಆಫೀಸಿನಲ್ಲಿ ಪ್ರಿನ್ಸಿಪಾಲ್ ಮೇಡಂ ಒಬ್ಬರೇ ಇದ್ದರು. ಪ್ರೇಕ್ಷಾಳನ್ನು ತಮ್ಮ ಎದುರಿನ ದೊಡ್ಡ ಕುರ್ಚಿಯಲ್ಲೇ ಕೂರಿಸಿದರು. ಅವಳ ಹಾಳೆಯನ್ನು ಹುಡುಕಿ ಮುಂದಿಟ್ಟರು. ಚೂಪಾಗಿ ಕೆತ್ತಿದ ಪೆನ್ಸಿಲು, ಕವರು ಬಿಚ್ಚದ ಹೊಸ ರಬ್ಬರು.

"ಎರಡು ನಿಮಿಷದ ಕೆಲಸ ಬೇಟಾ," ಎಂದರು ಮೇಡಂ. "ಮನೆಯಲ್ಲಿ ಬಿ ಇರಲಿ. ಇಲ್ಲಿ ಎ. ಯಾರಿಗೂ ನಷ್ಟ ಇಲ್ಲ."

ಅವರ ಧ್ವನಿ ಒಳ್ಳೆಯದಿತ್ತು. ಅವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಪ್ರೇಕ್ಷಾ ಹಾಳೆ ನೋಡಿದಳು. ಸಾಲು ಸಾಲು ಗೋಲಗಳು, ಅವುಗಳ ನಡುವೆ ಆ ಒಂದು ಬಿ.

ಅಮ್ಮ ಮಸ್ಕತ್ತಿಗೆ ಹೋಗುವ ಮೊದಲು ಅವರು ಲೋಕಲ್ ರೈಲಿನಲ್ಲಿ ಡೊಂಬಿವಲಿಗೆ ಹೋಗುತ್ತಿದ್ದರು. ಎಷ್ಟು ರಶ್ ಇದ್ದರೂ ಅಮ್ಮ ಹೇಗೋ ಒಂದು ಸೀಟು ಹಿಡಿಯುತ್ತಿದ್ದಳು. ಹಿಡಿದ ಮರುಕ್ಷಣ ಎದ್ದು ಪ್ರೇಕ್ಷಾಳನ್ನು ಕೂರಿಸುತ್ತಿದ್ದಳು. ನನಗೆ ಕಾಲು ನೋಯುವುದಿಲ್ಲ ಎನ್ನುತ್ತಿದ್ದಳು. ಇಳಿಯುವ ತನಕ ನಿಂತೇ ಇರುತ್ತಿದ್ದಳು. ಪ್ರೇಕ್ಷಾ ಕಿಟಕಿಯ ಹೊರಗೆ ನೋಡುತ್ತಾ ಆರಾಮಾಗಿ ಕೂತಿರುತ್ತಿದ್ದಳು. ಒಂದು ಸಲವೂ ಅವಳು ನೀನು ಕೂತುಕೋ ಎಂದಿರಲಿಲ್ಲ. ಆಗ ಚಿಕ್ಕವಳಿದ್ದಳು, ಹಾಗೆ ಹೇಳಬಹುದು ಎಂದೇ ಗೊತ್ತಿರಲಿಲ್ಲ.

ನಿನ್ನೆ ಫೋನಿನಲ್ಲಿ ಎ ಹಾಕು ಎಂದದ್ದು ಅದೇ ಅಮ್ಮ. ಅದೇ ಧ್ವನಿ. ಮತ್ತೆ ಎದ್ದು ನಿಂತಿದ್ದಾಳೆ.

"ಬೇಗ ಮಗಾ," ಎಂದರು ಪಪ್ಪ ಬಾಗಿಲ ಹತ್ತಿರದಿಂದ.

ಪ್ರೇಕ್ಷಾ ರಬ್ಬರನ್ನು ಮೇಜಿನ ಮೇಲೆ ಮೇಡಂ ಕಡೆಗೆ ಸರಿಸಿದಳು. ಅದರ ಪಕ್ಕದಲ್ಲೇ ಪೆನ್ಸಿಲನ್ನೂ ಇಟ್ಟಳು.

"ಬೇಡ ಮೇಡಂ," ಎಂದಳು. "ನಾನು ಅಳಿಸಲ್ಲ."